ಗಿರಣಿಯವನ ಬುಧವಾರ

ಬೋಸ್ನಿಯಾದ ಆ ಊರಿನ ಹೊಳೆದಂಡೆಯ ನೀರುಗಿರಣಿ ಆರು ಮನೆಗಳಿಗೆ ಸೇರಿದ್ದು. ಒಂದೊಂದು ಮನೆಗೆ ವಾರಕ್ಕೊಂದು ದಿನದ ಸರದಿ. ಬುಧವಾರ ಝುಮ್ರಾಳ ಮನೆಯದು. ಯುದ್ಧದಲ್ಲಿ ಊರಿನ ಮುಸ್ಲಿಮರೆಲ್ಲ ಓಡಿಹೋದ ಮೇಲೂ ಗಿರಣಿಯ ಓಸ್ಟೋಯಾ ಬುಧವಾರ ಕಲ್ಲು ತಿರುಗಿಸಲಿಲ್ಲ. ಒಂದಲ್ಲ ಎರಡಲ್ಲ, ಒಂಬತ್ತು ವರ್ಷ! "ಏನಯ್ಯಾ, ಬುಧವಾರ ನಿನ್ನ ಮಾವನ ಮನೆ ಹಬ್ಬವಾ?" ಎಂದು ಅವನದೇ ಸರ್ಬ್ ಜನ ಕಿಚಾಯಿಸಿದರು, ಬೈದರು. ಅವನು ನೀರಿನ ತೂಬು ಇಳಿಸಿ ಮನೆಗೆ ನಡೆದುಬಿಡುತ್ತಿದ್ದ. ಒಳ್ಳೆಯವನೇ, ಆದರೆ ಮಹಾ ಪುಕ್ಕಲ; ಮುಚ್ಚಿಡುವುದೇಕೆ?

ಸುದ್ದಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ದೂರದಲ್ಲಿದ್ದ ಝುಮ್ರಾಳ ಕಿವಿಗೆ ಬಿತ್ತು. ಅದೊಂದನ್ನೇ ನಂಬಿ, ಸುಟ್ಟ ಮನೆಗೆ ಸೂರು ಹಾಕಿಸಿಕೊಂಡು ಒಬ್ಬಳೇ ಮರಳಿದಳು. ಮೊದಲ ಬುಧವಾರವೇ ಒಂದು ಮೂಟೆ ಮೆಕ್ಕೆಜೋಳ, ಬಟ್ಟೆಯಲ್ಲಿ ಸುತ್ತಿದ, ಚೀಸ್ ತುಂಬಿ ಬೇಯಿಸಿದ ಬಿಸಿಬಿಸಿ ಪಿಟಾ ಹೊತ್ತು ಗಿರಣಿಗೆ ಬಂದಳು.

"ತಿನ್ನಣ್ಣ. ನಮ್ಮ ಸರದಿ ಉಳಿಸಿದೋನು ನೀನೊಬ್ಬನೇ. ನಿನ್ನ ಮುಖ ನೋಡ್ಕೊಂಡೇ ವಾಪಸ್ ಬಂದೆ."

ಓಸ್ಟೋಯಾ ಒಂದು ತುತ್ತು ತಿಂದು ಪಿಟಾವನ್ನು ಪಕ್ಕಕ್ಕಿಟ್ಟ. ಹೆಂಡತಿ ಸ್ಟಾನಾ ಹಿಂದಿನ ದಿನವೇ ಎಚ್ಚರಿಸಿದ್ದಳು: "ಬಾಯ್ಮುಚ್ಕೊಂಡಿರಿ. ಹೇಳಿದ್ರೆ ಅವಳು ಗಂಟುಮೂಟೆ ಕಟ್ತಾಳೆ. ಅವಳು ನಿಂತ್ರೆ ತಾನೇ ಮಿಕ್ಕೋರು ಬರೋದು?" ನಿಜವೇ. ಆದರೆ ಈ ಪುಣ್ಯಾತ್ಗಿತ್ತಿ ಕೈಯಾರೆ ಮಾಡಿದ್ದನ್ನು ತಿಂದು ಸುಮ್ಮನಿರುವುದು ಹೇಗೆ?

"ಝುಮ್ರಾ, ಆವತ್ತು ಬುಧವಾರ. ನಿನ್ನ ಗಂಡ ಅವ್ದೋನ ಜೋಳಾನೇ ಬೀಸ್ತಿದ್ದೆ. ಬಂದೂಕಿನೋರು ಅವನನ್ನ ಸೇತುವೆ ಹತ್ರ ಹಿಡಿದ್ರು. 'ಓಸ್ಟೋಯಾ' ಅಂತ ಎರಡು ಸಲ ಕೂಗಿದ. ನಾನು ಹೊರಗೆ ಬರ್ಲಿಲ್ಲಮ್ಮ. ಕಲ್ಲಿನ ಸದ್ದಲ್ಲಿ ಕೇಳಿಸ್ಲಿಲ್ಲ ಅಂತ ಎಲ್ರಿಗೂ ಹೇಳ್ದೆ. ಕೇಳಿಸಿತ್ತು. ಬುಧವಾರ ಕಲ್ಲು ತಿರುಗಿದ್ರೆ ಈಗ್ಲೂ ಕೇಳ್ಸುತ್ತೆ. ಅದಕ್ಕೇ ನಿಲ್ಲಿಸಿದ್ದು. ನಿನಗೋಸ್ಕರ ಅಲ್ಲ."

ಝುಮ್ರಾ ಮೂಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ವಾರವಿಡೀ ಅವಳ ಮನೆಯ ಕಿಟಕಿ ತೆರೆಯಲಿಲ್ಲ. "ಆಯ್ತಾ ಸಮಾಧಾನ?" ಎಂದಳು ಸ್ಟಾನಾ. ಝುಮ್ರಾ ಊರು ಬಿಟ್ಟು ಈಗ ಹೋಗುತ್ತಾಳೆ, ನಾಳೆ ಹೋಗುತ್ತಾಳೆ ಎಂದು ದಾರಿಯನ್ನೇ ನೋಡುತ್ತ ಓಸ್ಟೋಯಾ ಕೂತ.

ಮುಂದಿನ ಬುಧವಾರ ಬೆಳಿಗ್ಗೆ ಅವಳೇ ಬಂದಳು. ಕಣ್ಣು ಊದಿಕೊಂಡಿತ್ತು. "ತೂಬು ಎತ್ತು, ಬೀಸು" ಎಂದಷ್ಟೇ ಹೇಳಿ ಸೇತುವೆಯ ಕಡೆ ನಡೆದಳು.

ಓಸ್ಟೋಯಾ ತೂಬು ಎತ್ತಿದ. ಕಲ್ಲು ಗುಡುಗುಡು ತಿರುಗಿತು. ಆ ಸದ್ದಿನ ನಡುವೆ ಸೇತುವೆಯಿಂದ ಕೂಗು ಬಂತು: "ಓಸ್ಟೋಯಾ!"

ಹಿಟ್ಟು ಮೆತ್ತಿದ ಮೈಯಲ್ಲೇ, ಟೋಪಿ ಬಿದ್ದದ್ದೂ ತಿಳಿಯದೆ ಆ ಅರವತ್ತರ ಮುದುಕ ಎದ್ದುಬಿದ್ದು ಓಡಿದ. ಅವಳ ಮುಂದೆ ನಿಂತು ಮಗುವಿನ ಹಾಗೆ ಅತ್ತ. ಝುಮ್ರಾಳೂ ಅತ್ತಳು.

"ಕ್ಷಮಿಸಿದ್ಲು ಅಂತ ತಿಳ್ಕೋಬೇಡ," ಎಂದಳು, ಮೂಗು ಒರೆಸಿಕೊಂಡು. "ಇಲ್ಲಿ ಒಬ್ಳೇ ಇರೋಳು ನಾನು. ಕರೆದ್ರೆ ಬರ್ತೀಯಾ ಅಂತ ನೋಡ್ಬೇಕಿತ್ತು."