ವೆಂಕಮ್ಮ ಗಂಗೆಯಲ್ಲಿ ಬಿಟ್ಟ ಮಾತು

ವೆಂಕಮ್ಮನ ಬಾಯಿ ಎಂದರೆ ಬಾಯಿ. ಕಾಶಿಯಲ್ಲಿ ವಿಶ್ವನಾಥ ಗಲ್ಲಿಯ ಒಳಸಂದಿಯೊಂದರಲ್ಲಿ ಕನ್ನಡ ಯಾತ್ರಿಕರಿಗೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದ ಧರ್ಮಶಾಲೆಯಲ್ಲಿ ಆಕೆ ಅಡುಗೆ ಮಾಡುತ್ತಿದ್ದಳು. ಒಲೆ ಹೊತ್ತದಿದ್ದರೆ ಒಲೆಗೆ ಬೈಗುಳ, ಬಾಗಿಲಿಗೆ ಅಡ್ಡ ನಿಂತ ಗೂಳಿಗೆ ಬೈಗುಳ, ನೀರು ಬೆರೆಸಿ ತಂದ ಹಾಲಿನವನಿಗಂತೂ ತನ್ನೂರು ರೋಣದ ಅಚ್ಚ ಕನ್ನಡದಲ್ಲಿ ಮಂಗಳಾರತಿ. ಅವನಿಗೆ ಒಂದಕ್ಷರ ತಿಳಿಯದಿದ್ದರೂ ಮರುದಿನ ಹಾಲು ಗಟ್ಟಿಯಾಗಿರುತ್ತಿತ್ತು. ಊಟಕ್ಕೆ ಕೂತವರು ಕೇಳಿ ನಗುತ್ತಿದ್ದರು. ನಗಲಿ ಪಾಪ, ಆ ಬಾಯಿ ಒಂದು ಜೀವವನ್ನು ಏನು ಮಾಡಿಟ್ಟಿದೆ ಎಂದು ಅವರಿಗೇನು ಗೊತ್ತು?

ಆಕೆಗೆ ಇದ್ದದ್ದು ಒಬ್ಬಳೇ ಮಗಳು, ವಿಶಾಲಾಕ್ಷಿ. ಕಾಶಿಯ ದೇವಿಯ ಹೆಸರು, ಇಟ್ಟವನು ತಂದೆ. ತೊಟ್ಟಿಲಿಗೆ ಹಾಕಿದ ನಾಲ್ಕನೆಯ ದಿನ ಅವನು ಹೊಲದಲ್ಲಿ ಹಾವು ಕಚ್ಚಿ ಸತ್ತ. “ಹುಟ್ಟತಲೇ ಅಪ್ಪನ್ನ ನುಂಗಿದ ಶನಿ” ಎಂದು ಮೊದಲು ಅಂದವಳು ವೆಂಕಮ್ಮನ ಅತ್ತೆ. ಅತ್ತೆ ಅಂದದ್ದು ಒಂದೇ ಸಲ. ವೆಂಕಮ್ಮ ಅದನ್ನು ಎತ್ತಿಕೊಂಡು ಸಾಕಿದಳು. ಮೊದಮೊದಲು ಸಿಟ್ಟಿನಿಂದ ಅಂದಳು, ಆಮೇಲೆ ರೂಢಿಯಿಂದ. ಮಗಳು ನಡೆಯಲು ಕಲಿಯುವಷ್ಟರಲ್ಲಿ ಸಿಟ್ಟು ಎಂಬುದೇ ಉಳಿದಿರಲಿಲ್ಲ, ಮಾತು ಮಾತ್ರ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. “ಏ ಶನಿ, ಉಣ್ಣಾಕ ಬಾ.” “ಏ ಶನಿ, ತಲಿ ಬಾಚತೀನಿ ಕುಂಡ್ರು.” ಕೂಸಿಗೆ ದಡಾರ ಎದ್ದಾಗ ಎದೆಗವಚಿಕೊಂಡು “ನನ್ನ ಶನಿ, ನನ್ನ ಶನಿ” ಎಂದು ಬಿಕ್ಕಿ ಬಿಕ್ಕಿ ಅತ್ತದ್ದೂ ಉಂಟು. ಶಾಲೆಯಲ್ಲಿ ಮಾಸ್ತರರು ವಿಶಾಲಾಕ್ಷಿ ಎಂದು ಕರೆದರೆ ಹುಡುಗಿ ಬೇರೆ ಯಾರನ್ನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳಂತೆ.

ಹದಿನೆಂಟಕ್ಕೆ ಗದಗಿನ ಜಯದೇವನಿಗೆ ಕೊಟ್ಟು ಮದುವೆಯಾಯಿತು. ಹತ್ತಿ ಗಿರಣಿಯಲ್ಲಿ ಕೆಲಸ, ಎತ್ತಿದ ದನಿಯಲ್ಲಿ ಮಾತಾಡದ ಹುಡುಗ. ವರ್ಷದೊಳಗೆ ಒಂದು ಗಂಡು ಕೂಸು ಹುಟ್ಟಿತು, ಮೂರು ತಿಂಗಳಿಗೆ ವಾಂತಿಭೇದಿಯಲ್ಲಿ ಹೋಯಿತು. ಗಂಡನ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅನ್ನಲಿಲ್ಲ. ತಾನಾಗಿಯೇ ಗಂಟು ಕಟ್ಟಿಕೊಂಡು ಅತ್ತೆಯ ಕಾಲಿಗೆ ಬಿದ್ದು, “ನಾ ಶನಿ ಅದೀನ್ರಿ. ಹುಟ್ಟಿ ಅಪ್ಪನ್ನ ತಿಂದೆ, ಹಡದು ಕೂಸಿನ್ನ ತಿಂದೆ. ನಿಮ್ಮ ಮಗನಾರ ಉಳೀಲಿ” ಎಂದು ಹೇಳಿ ತವರಿಗೆ ಬಂದುಬಿಟ್ಟಳು.

ಜಯದೇವ ಮೂರು ಸಲ ಕರೆಯಲು ಬಂದ. ಮೂರನೆಯ ಸಲ ಸುಡುಬಿಸಿಲಲ್ಲಿ ಅಂಗಳದಲ್ಲೇ ನಿಂತು ಕೇಳಿದ.

“ನಿನಗ ಹಂಗ ಯಾರ ಅಂದ್ರು? ನಮ್ಮವ್ವ ಅಂದಳೇನು?”

“ಇಲ್ರಿ. ನಮ್ಮವ್ವ ಅಂತಾಳ್ರಿ, ದಿನಾ. ಹಡದವ್ವ ಸುಳ್ಳ ಅಂತಾಳೇನ್ರಿ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ವೆಂಕಮ್ಮನ ಕೈ ನಿಂತಿತು. ಹೊರಗೆ ಓಡಿಬಂದು ಇಲ್ಲ, ಸುಳ್ಳು, ಬರೀ ಬಾಯಿಮಾತು ಎಂದು ಬಡಕೊಂಡಳು. ಏನು ಪ್ರಯೋಜನ? ಇಪ್ಪತ್ತು ವರ್ಷ ದಿನಕ್ಕೆ ಐವತ್ತು ಸಲ ಹೇಳಿದ್ದನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಲು ಬರುತ್ತದೆಯೇ? ಮಗಳು ಹೋಗಲಿಲ್ಲ. ಜಯದೇವ ಎರಡು ವರ್ಷ ಕಾದು ಬೇರೆ ಮದುವೆಯಾದ. ಅವನನ್ನು ಬೈಯಲು ವೆಂಕಮ್ಮನಂಥ ವೆಂಕಮ್ಮನಿಗೂ ಬಾಯಿ ಬರಲಿಲ್ಲ.

ಊರಿನಲ್ಲಿ ಮುಖ ಎತ್ತಿ ನಡೆಯುವುದು ಕಷ್ಟವಾಯಿತು. ೧೯೭೧ರ ಮಾಘದಲ್ಲಿ ಇದ್ದ ತುಂಡು ಹೊಲ ಮಾರಿ ಮಗಳನ್ನು ಕರೆದುಕೊಂಡು ಕಾಶಿಗೆ ಬಂದಳು. ಬಂದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಗಂಗೆಯಲ್ಲಿ ಬಿಡಬೇಕು, ಬಿಟ್ಟದ್ದನ್ನು ಸಾಯುವತನಕ ಬಾಯಿಗೆ ಮುಟ್ಟಿಸಬಾರದು. ವೆಂಕಮ್ಮನ ಕಡೆಯವರಲ್ಲಿ ಕಟ್ಟು ಇನ್ನೂ ಬಿಗಿ: ಬಿಟ್ಟದ್ದು ಏನೆಂದು ಯಾರ ಮುಂದೆಯೂ ಹೇಳುವಂತಿಲ್ಲ, ಹೇಳಿದರೆ ಪುಣ್ಯ ಹೋಯಿತು.

ಸಂಕಲ್ಪ ಹೇಳಿಸಿದವನು ಬದರೀನಾರಾಯಣ ಪಂಡಾ. ನಮ್ಮ ಯಾತ್ರಿಕರ ಸಂಗಡ ಮಾತಾಡಿಯೇ ಕನ್ನಡ ಕಲಿತವನು. “ನೋಡಿ ಮಾಯಿ, ಎಲ್ಲರೂ ಹಾಗಲಕಾಯಿ ಬಿಟ್ಟು ಗಂಗಾಮೈಯಾಗೆ ಟೋಪಿ ಹಾಕ್ತಾರೆ. ನೀವು ಜೀವಕ್ಕೆ ಹತ್ತಿರ ಇರೋದು ಬಿಡಿ” ಎಂದ. ಒಣಸೀರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ವಿಶಾಲಾಕ್ಷಿಯೂ ಅದನ್ನು ಕೇಳಿಸಿಕೊಂಡಳು. ವೆಂಕಮ್ಮ ಬೊಗಸೆಯಲ್ಲಿ ನೀರು ತೆಗೆದುಕೊಂಡು, ಮನಸ್ಸಿನಲ್ಲೇ ಆ ಒಂದು ಮಾತನ್ನು ಬಿಟ್ಟಳು. ಬಿಟ್ಟವಳು ನೀರಿನಲ್ಲಿ ನಿಂತು ಮಗಳ ಕಡೆಗೆ ನೋಡಿ ಅತ್ತಳು.

ಅಂದಿನಿಂದ ಮಗಳು ವಿಶಾಲಾಕ್ಷಿಯಾದಳು. “ವಿಶಾಲಾಕ್ಷಿ, ಊಟಕ್ಕ ಬಾ ತಾಯಿ.” ಎಷ್ಟೋ ಸಲ ಹಳೆಯ ಮಾತು ತುದಿನಾಲಿಗೆಗೆ ಬಂದಾಗ ವೆಂಕಮ್ಮ ತುಟಿ ಕಚ್ಚಿ ನುಂಗಿಕೊಂಡಳು. ಶನಿವಾರ ಎನ್ನಲು ಕೂಡ ಹೆದರಿ ಹನುಮಪ್ಪನ ವಾರ ಎನ್ನತೊಡಗಿದಳು. ಧರ್ಮಶಾಲೆಯ ಕಾವಲುಗಾರ ಲಿಂಗಪ್ಪ, “ಶುಕ್ರವಾರದ ಮಾರನೇ ದಿನಾನ ಯಾರ ಕದ್ದಾರಬೇ ನಿಂದು?” ಎಂದು ಕಾಡುತ್ತಿದ್ದ. ಆಗಲೂ ಬಾಯಿ ಬಿಡಲಿಲ್ಲ.

ಇಷ್ಟಾದರೂ ಮಗಳು ಚಿಗುರಲಿಲ್ಲ. ಮೊದಲಾದರೆ ತಾಯಿಗೆ ತಿರುಗಿ ಮಾತಾಡುತ್ತಿದ್ದವಳು ಈಗ ಹೂಂ, ಊಹೂಂ ಎರಡರಲ್ಲೇ ದಿನ ಕಳೆಯುತ್ತಿದ್ದಳು. ಯಾತ್ರಿಕರಿಗೆ ಮಾರಲು ಹೂಬತ್ತಿ ಹೊಸೆಯುತ್ತ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ಗಾಯ ಮಾಯಲು ಕಾಲ ಬೇಕು ಎಂದು ವೆಂಕಮ್ಮ ಸಮಾಧಾನ ಮಾಡಿಕೊಂಡಳು. ಗಲ್ಲಿಯ ಗೂಳಿಯನ್ನು ಕೂಡ ಮಾತಾಡಿಸುವ ಹೆಂಗಸು, ಹೆತ್ತ ಮಗಳನ್ನು ಯಾಕವ್ವಾ ಹೀಗಿದ್ದೀ ಎಂದು ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ. ಏಳು ವರ್ಷ ಹಾಗೇ ಹೋಯಿತು.

೧೯೭೮ರ ಮಹಾಪೂರದಲ್ಲಿ ಗಲ್ಲಿಗಳ ಬಾಯಿಗೆ ದೋಣಿ ಬಂತು. ನೀರು ಇಳಿದ ಮೇಲೆ ಊರೆಲ್ಲ ಕೆಸರು, ಮನೆಮನೆಗೆ ಜ್ವರ. ವಿಶಾಲಾಕ್ಷಿ ಮಲಗಿದವಳು ಏಳಲಿಲ್ಲ. ಹನ್ನೊಂದನೆಯ ದಿನ ಎಚ್ಚರ ತಪ್ಪಿತು. ವೈದ್ಯರು ನಾಡಿ ನೋಡಿ, ಹೆಸರು ಹಿಡಿದು ಕರೆಯುತ್ತಲೇ ಇರಿ, ಕಣ್ಣು ಬಿಟ್ಟರೆ ಔಷಧ ಗುಟುಕು ಗುಟುಕಾಗಿ ಕುಡಿಸಿ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೋದರು.

ವೆಂಕಮ್ಮ ಒಂದು ದಿನವಿಡೀ ಕರೆದಳು. ವಿಶಾಲಾಕ್ಷಿ, ನನ್ನವ್ವಾ ವಿಶಾಲಾಕ್ಷಿ. ರೆಪ್ಪೆ ಕೂಡ ಅಲ್ಲಾಡಲಿಲ್ಲ. ಬದರೀನಾರಾಯಣ ಬಂದು ಕರೆದ, ಲಿಂಗಪ್ಪ ಕರೆದ. ಯಾವ ಮಾತಿಗೆ ಅವಳು ಓಗೊಡುತ್ತಾಳೆಂದು ತಾಯಿಗೆ ಗೊತ್ತಿತ್ತು. ಪುಣ್ಯ ಹಾಳಾಗಿ ಹೋಗಲಿ, ಅದರ ಚಿಂತೆ ಆಕೆಗಿರಲಿಲ್ಲ. ಆದರೆ ಇವಳ ಸಂಸಾರ ಸುಟ್ಟ ಮಾತನ್ನೇ ಸಾಯುವ ಹೊತ್ತಿನಲ್ಲಿ ಮತ್ತೆ ಕಿವಿಗೆ ಹೊಯ್ಯಲೇ? ಮರುದಿನ ಬಿಸಿಲು ಏರಿದಾಗ ತಡೆಯಲಾರದೆ ಬಗ್ಗಿ ಕರೆದಳು.

“ಏ ಶನಿ.”

“ಓ” ಎಂದು ಕಣ್ಣು ಬಿಟ್ಟಳು. ತಾಯಿಯ ಮುಖ ನೋಡಿದಳು. ಎರಡು ಗುಟುಕು ಔಷಧ ಒಳಗೆ ಹೋಯಿತು.

“ಮಾತಾಡಿಸಿದಿ ಬಿಡವ್ವಾ” ಎಂದಳು. “ಇಲ್ಲಿಗೆ ಬಂದಾಗಿಂದ ನನ್ನ ಮಾತಾಡಸೇ ಇಲ್ಲ ನೀ. ಯಾರನ್ನೋ ಕರದಂಗ ಕರೀತಿದ್ದಿ. ಜೀವಕ್ಕ ಹತ್ತಿರ ಇರೋದನ್ನ ಬಿಡ್ರಿ ಅಂದನಲ್ಲ ಆ ಪಂಡಾ, ನೀ ನನ್ನ ನೋಡಿ ಅತ್ತಿ. ನನ್ನ ಗಂಗಿಗೆ ಬಿಟ್ಟಿ ಅಂತ ತಿಳದಿದ್ದೆ. ಬಿಟ್ಟದ್ದು ಮುಟ್ಟಬಾರದಲ್ಲ, ಅದಕ್ಕ ದೂರ ಇದ್ದೆ.”

“ನಿನ್ನಲ್ಲವ್ವಾ” ಎಂದಳು ವೆಂಕಮ್ಮ. “ಆ ಮಾತ ಬಿಟ್ಟಿದ್ದೆ. ಆ ಹಾಳ ಮಾತ.”

“ಹೌದೇನು?” ಮಗಳಿಗೆ ತಿಳಿಯಿತೋ ಇಲ್ಲವೋ. ತಾಯಿಯ ಕೈಯನ್ನು ಕೆನ್ನೆಯ ಕೆಳಗೆ ಎಳೆದುಕೊಂಡಳು. “ಇನ್ನೊಮ್ಮೆ ಕರಿ.”

ವೆಂಕಮ್ಮ ಕರೆದಳು. ಮಗಳು ಓಗೊಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕರೆದಳು. ಓಗೊಡಲಿಲ್ಲ.

ಕಾಶಿಯಲ್ಲಿ ಸಾಯುವವರ ಕಿವಿಯಲ್ಲಿ ವಿಶ್ವನಾಥನೇ ಕೂತು ತಾರಕಮಂತ್ರ ಹೇಳುತ್ತಾನಂತೆ. ಇರಬಹುದು. ಆದರೆ ಅವನಿಗೆ ಆ ಸಂಜೆ ಜಾಗವಿರಲಿಲ್ಲ. ಮಣಿಕರ್ಣಿಕೆಗೆ ಎತ್ತುವವರು ಬಂದು ರಟ್ಟೆ ಹಿಡಿದು ಎಬ್ಬಿಸುವತನಕ ವೆಂಕಮ್ಮ ಆ ಕಿವಿಗೆ ಬಾಯಿಟ್ಟು ಅದೊಂದೇ ಮಾತಿನಿಂದ ಕರೆಯುತ್ತಿದ್ದಳು.