ಖಾಲಿ ಕುಂಡ

ನಮ್ಮ ಮನೆಯವರಿಗೆ ಗೆಡ್ಡೆಗಳ ಹುಚ್ಚು. ಕಾಡಿನಂಚಿನಲ್ಲಿ ಬಸ್ಸು ಕೆಟ್ಟು ನಿಂತರೂ ಸಾಕು, ಇಳಿದು ನೆಲ ಕೆದಕುವ ಜಾತಿ. ಶಿಕಾರಿಪುರದ ನಮ್ಮ ಅಂಗಳದಲ್ಲಿ ಕಾಡು ಅರಿಶಿನ, ಕೆಸು, ಹೆಸರೇ ಗೊತ್ತಿಲ್ಲದ ಇನ್ನಷ್ಟು ಕುಂಡಗಳಿವೆ. ಮಳೆಗಾಲದಲ್ಲಿ ಎಲ್ಲ ಹಸಿರು. ಬೇಸಿಗೆಯಲ್ಲಿ ಬರೀ ಮಣ್ಣು ತುಂಬಿದ ಕುಂಡಗಳಿಗೆ ಕಾವಲು ಕಾಯುವುದು ನನ್ನ ಪಾಲು.

ಒಂದು ವರ್ಷ ಗೌರಿ ಹಬ್ಬಕ್ಕೆ ಮುಂಚೆ ಗುಡವಿಯ ಹತ್ತಿರ ಬೇಲಿಯಲ್ಲಿ ಗೌರಿ ಹೂ ಕೊಯ್ಯಲು ಹೋಗಿದ್ದೆವು. ಬೆಂಕಿಯ ಬಣ್ಣದ, ಎಸಳು ಮೇಲಕ್ಕೆ ತಿರುಗಿದ ಹೂ ಅದು. ಜಡೆ ಊರಿನಲ್ಲಿ ಮೈದುನನ ಮನೆಯಲ್ಲಿರುವ ಅತ್ತೆಯೂ ಜೊತೆಗಿದ್ದರು. ಇವರು ಬಳ್ಳಿಯ ಬುಡ ಅಗೆಯತೊಡಗಿದಾಗ ಅತ್ತೆ ಸಿಡುಕಿದರು.

“ಹೂ ಕೊಯ್ಕ, ಸಾಕು. ಗೌರಿ ಬಂದು ಹೋಗೋಳು ಕಣೋ. ಬೇರು ಕಿತ್ತು ಮನೇಲಿ ಇಟ್ಕಬಾರ್ದು.”

ನಾವಿಬ್ಬರೂ ನಕ್ಕೆವು. ಅತ್ತೆಯ ಪ್ರಕಾರ ಮಾಡಬಾರದ ಕೆಲಸಗಳು ಒಂದೆರಡಲ್ಲ.

ತಂದ ಗೆಡ್ಡೆ ನೇಗಿಲಿನ ಹಾಗೆ ಬಾಗಿತ್ತು, ನೋಡಲು ಗೆಣಸೇ. ವಿಷ, ಮುಟ್ಟಿದರೆ ಕೈ ತೊಳೆ ಎಂದು ಇವರು ನನಗೆ ಹೇಳಿದರು. ತಾಯಿಗೆ ಹೇಳಲಿಲ್ಲ, ಹೇಳಿದ್ದರೆ ಕುಂಡ ಬೀದಿಗೆ ಬೀಳುತ್ತಿತ್ತು. ಮರುವರ್ಷ ಬಳ್ಳಿ ಹಬ್ಬಿ ಹೂ ಬಿಟ್ಟಿತು, ದೀಪಾವಳಿ ಕಳೆಯುವಷ್ಟರಲ್ಲಿ ಒಣಗಿ ಮಾಯವಾಯಿತು.

ಆಮೇಲಿನ ಬೇಸಿಗೆಯಲ್ಲಿ ಅತ್ತೆ ನಮ್ಮಲ್ಲಿಗೆ ಬಂದರು. ಅವರನ್ನು ಮನೆಯಲ್ಲಿ ಬಿಟ್ಟು ನಾವು ಸೊರಬಕ್ಕೆ ಒಂದು ಮದುವೆಗೆ ಹೋಗಿ ಸಂಜೆ ಬಂದೆವು. ಅಂಗಳ ಗುಡಿಸಿ ನೀರು ಹಾಕಿತ್ತು. ಗೌರಿ ಹೂವಿನ ಕುಂಡದ ಮಣ್ಣು ಸಡಿಲವಾಗಿತ್ತು, ಮೇಲೆ ಕೊತ್ತಂಬರಿ ಬೀಜ ಉದುರಿಸಿತ್ತು.

“ಖಾಲಿ ಕುಂಡ ಯಾಕೆ ಬಿಸಿಲು ಕಾಯ್ಬೇಕು ಅಂತ ಕೆದಕಿದೆ. ಗೆಣಸು ಸಿಕ್ತು, ಬೇಯಿಸ್ಕಂಡು ತಿಂದೆ,” ಎಂದರು ಅತ್ತೆ. “ಚೂರು ಕಹಿ ಇತ್ತು.”

ಇವರು ಕಾರು ಕೇಳಲು ಪಕ್ಕದ ಮನೆಗೆ ಓಡಿದರು. ಅತ್ತೆ ಚೆನ್ನಾಗಿಯೇ ಇದ್ದರು, ಮದುವೆಯಲ್ಲಿ ಏನಡುಗೆ ಎಂದು ಕೇಳುತ್ತಿದ್ದರು. ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಕಾರಿಗೆ ಬಲವಂತವಾಗಿ ಹತ್ತಿಸಿದಾಗ, ತನಗೇನು ರೋಗ ಎಂದು ಇಬ್ಬರನ್ನೂ ಬೈದರು. ಶಿವಮೊಗ್ಗದ ಆಸ್ಪತ್ರೆ ಮುಟ್ಟುವ ಮೊದಲೇ ವಾಂತಿ ಶುರುವಾಯಿತು, ಬೈಗುಳ ನಿಂತಿತು. ಅದು ಮತ್ತೆ ಕೇಳಿಸಲಿ ಎಂದು ಹರಕೆ ಹೊತ್ತೆ.

ಬದುಕಿದರು. ಆದರೆ ಮನೆಗೆ ಬಂದ ಮೇಲೆ ತಲೆ ಬಾಚಲು ಕೂತರೆ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂತು. ಅದೂ ಆ ವಿಷದ್ದೇ ಕೆಲಸ ಎಂದರು ಡಾಕ್ಟರು. ಕೈತುಂಬ ತುರುಬಿದ್ದ ಹೆಂಗಸು ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೇ ಕೂತುಬಿಟ್ಟರು.

ಮಳೆ ಹಿಡಿಯಿತು. ಕೊತ್ತಂಬರಿ ಕೊಳೆಯಿತು, ಅದರ ನಡುವಿನಿಂದ ಗೌರಿ ಹೂವಿನ ಮೊಳಕೆ ಎದ್ದಿತು. ಕುಂಡದ ತಳದಲ್ಲಿ ಎಳೆಯ ಗೆಡ್ಡೆಯೊಂದು ಉಳಿದಿರಬೇಕು. ನೋಡನೋಡುತ್ತ ಬಳ್ಳಿ ತನ್ನ ಎಲೆಯ ತುದಿಗಳಿಂದ ಅತ್ತೆಯ ಕೋಣೆಯ ಕಿಟಕಿ ಸರಳು ಹಿಡಿದುಕೊಂಡಿತು. ಕತ್ತರಿಸಿ ಹಾಕಲು ಇವರು ಕತ್ತಿ ತಂದರು.

“ಮುಟ್ಬೇಡ,” ಎಂದರು ಅತ್ತೆ ಒಳಗಿನಿಂದ. “ಕರ್ಕಂಡು ಬಂದೋನು ನೀನು. ತಾನಾಗೇ ಹೋಗ್ಲಿ.”

ಆ ಹಬ್ಬಕ್ಕೆ ಯಾರೂ ಅದರ ಹೂ ಕೊಯ್ಯಲಿಲ್ಲ. ದೀಪಾವಳಿ ಕಳೆದು ಬಳ್ಳಿ ಒಣಗಿತು, ಕುಂಡ ಈಗ ಮತ್ತೆ ಖಾಲಿಯಾಗಿ ಕಾಣುತ್ತದೆ. ಅತ್ತೆಯ ಕೂದಲು ಬೆರಳುದ್ದ ಬಂದಿದೆ. ಬೆಳಗ್ಗೆ ಬಿಸಿಲು ಕಾಯಿಸಿಕೊಳ್ಳಲು ಅಂಗಳದಲ್ಲಿ ಕೂರುತ್ತಾರೆ, ಆದರೆ ಆ ಕುಂಡಕ್ಕೆ ಬೆನ್ನು ಹಾಕಿ ಕೂರುವುದಿಲ್ಲ.