ಸೂಲಗಿತ್ತಿಯ ಇಂಗ್ಲಿಷ್

“ಪುಶ್ ನನ್ನವ್ವಾ, ಪುಶ್!”

ಕಮಲಾಪುರದ ತವರುಮನೆಯಲ್ಲಿ ಚೊಚ್ಚಲ ಹೆರಿಗೆಯ ನೋವು ತಿಂದು ಎರಡನೇ ದಿನ. ಆ ಮಾತು ನೀರಿನಡಿಯಿಂದ ಬಂದಂತೆ ಕೇಳಿಸಿತು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ನಾನೂ ಅವುಗಳೊಡನೆ ತೇಲಿಹೋಗುತ್ತಿದ್ದೆ. ಸೂಲಗಿತ್ತಿ ಶಿವಮ್ಮ ಯಾವುದೋ ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳ ಅಂಗೈ ನನ್ನ ಬೆನ್ನಿಗಿತ್ತು. ನನಗೆ ತಿಳಿಯದ ಆ ಮಾತು ಮೈಗೆ ತಿಳಿಯಿತು. ಮಗ ಹುಟ್ಟಿ ಅತ್ತ.

ಬಾಣಂತನದಲ್ಲಿ ಒಂದು ದಿನ ಅದರ ಅರ್ಥ ಕೇಳಿದೆ. ಅಕ್ಷರ ಕಾಣದ ಶಿವಮ್ಮ ನಕ್ಕುಬಿಟ್ಟಳು.

“ಅರ್ಥ ನನಗೇನ್ ಗೊತ್ತವ್ವಾ? ಕಲಬುರ್ಗಿ ದವಾಖಾನ್ಯಾಗ ಆಯಾ ಇದ್ದಾಗ ಡಾಕ್ಟರ್ ದೊರೆಸಾನಿ ಹಂಗ ಅಂತಿದ್ದಳು. ಅಂದ್ರ ಕೂಸು ಬರ್ತದ, ಅಷ್ಟೇ.”

ಹತ್ತು ವರ್ಷದ ಮೇಲೆ, ಕಲಬುರ್ಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಅದೇ ಮಗ ಪಡಸಾಲೆಯಲ್ಲಿ ಕೂತು ಇಂಗ್ಲಿಷ್ ಪಾಠ ಬಾಯಿಪಾಠ ಮಾಡುತ್ತಿದ್ದ. ನಿಜಾಮರ ಸಾಲೆ, ಇಂಗ್ಲಿಷಿಗೆ ಉರ್ದುವಿನಲ್ಲೇ ಅರ್ಥ. “ಪುಶ್ ಅಂದ್ರ ಧಕೇಲ್ನಾ, ಪುಶ್ ಅಂದ್ರ ಧಕೇಲ್ನಾ.” ನನ್ನ ಕೈ ಹಿಟ್ಟಿನ ಮೇಲೆಯೇ ನಿಂತಿತು.

“ಏನಂದಿಯೋ?”

“ನೂಕೋದು, ಯವ್ವಾ,” ಎಂದು ತಲೆಯೆತ್ತದೆ ಮತ್ತೆ ಶುರುಮಾಡಿದ.

ಸಾಲೆಯಲ್ಲಿ ಕಲಿಸುವ ಉಸ್ತಾದರು ತಪ್ಪು ಹೇಳಿರಲಾರರು. ಆದರೆ ಈಗಲೂ ಆ ಮಾತು ಕೇಳಿದರೆ ನನಗೆ ಬಿಸಿಲಿನ ಧೂಳು ಕಾಣುತ್ತದೆ, ಬೆನ್ನಿಗೆ ಶಿವಮ್ಮನ ಅಂಗೈ ತಗಲುತ್ತದೆ. ಯಾರನ್ನೋ ನೂಕಿದ ನೆನಪಿಲ್ಲ. ಯಾರೋ ಬಂದ ನೆನಪು.